ರ‍್ಯಾಂಕ್ ಇತ್ತು, ಮಾರ್ಕ್ಸ್ ಕಾರ್ಡು ಕಾಲೇಜಿನ ಬೀರುವಿನಲ್ಲಿತ್ತು



ಸ್ವಲ್ಪ ಉದ್ದ ಬರೆದಿದೀನಿ, ಬೇಜಾರು ಮಾಡ್ಕೋಬೇಡಿ. ಪುರುಸೊತ್ತು ಮಾಡ್ಕೊಂಡು ಕಡೇತನಕ ಓದಿ. ಮನೇಲಿ, ಕೇರೀಲಿ, ನೆಂಟರಲ್ಲಿ ಯಾರಾದ್ರೂ ಎಂಬಿಬಿಎಸ್ ಓದ್ತಿದ್ರೆ ಅವರಿಗೆ ಕಳಿಸಿ. ಅವರ ಅವ್ವ ಅಪ್ಪನಿಗೆ ಓದಿ ಹೇಳಿ.

ಮೊನ್ನೆ ಬಿಪಿ ತೋರಿಸೋಕೆ ಹೋಗಿದ್ದೆ. ಡಾಕ್ಟ್ರು ಪರಿಚಯದವರೇ, ಕೆಟ್ಟವರಲ್ಲ. ತೋಳಿಗೆ ಪಟ್ಟಿ ಸುತ್ತುತ್ತಾ ಕೇಳಿದ್ರು: "ಅಲ್ಲ ಇವ್ರೇ, ಎಂಬಿಬಿಎಸ್‌ಗೆ ಮೀಸಲಾತಿ ಇರಲಿ, ಒಪ್ತೀನಿ. ಡಾಕ್ಟರ್ ಆದ ಮೇಲೂ ಎಂಡಿ, ಎಂಎಸ್‌ಗೆ ಯಾಕೆ ಮತ್ತೆ? ಒಂದೇ ಕ್ಲಾಸಲ್ಲಿ ಕೂತು ಓದಿರ್ತಾರೆ, ಒಂದೇ ಪರೀಕ್ಷೆ ಬರೀತಾರೆ. ಇನ್ನೇನು ವ್ಯತ್ಯಾಸ ಉಳೀತು?" ನನ್ನ ಬಿಪಿ ಆಗಲೇ 160 ತೋರಿಸ್ತಿತ್ತು. ಅಲ್ಲೇ ಉತ್ತರ ಕೊಟ್ಟಿದ್ರೆ ಮಾತ್ರೆ ಡಬಲ್ ಮಾಡ್ತಿದ್ರು. ಅದಕ್ಕೇ ಸುಮ್ಮನೆ ಬಂದು ಇಲ್ಲಿ ಬರೀತಿದೀನಿ.

ವ್ಯತ್ಯಾಸ ಎಲ್ಲಿದೆ ಅಂತ ಹೇಳ್ತೀನಿ ಡಾಕ್ಟ್ರೇ. ಪರೀಕ್ಷೆ ಮೂರೂವರೆ ಗಂಟೆದು. 200 ಪ್ರಶ್ನೆ, 800 ಅಂಕ. ಆ ಮೂರೂವರೆ ಗಂಟೆ ಎಲ್ಲರಿಗೂ ಒಂದೇ, ಒಪ್ಪೋಣ. ಅದಕ್ಕಿಂತ ಮುಂಚಿನ ಒಂದು ವರ್ಷ, ಆಮೇಲಿನ ಆರು ತಿಂಗಳು ಇದೆಯಲ್ಲ, ಅದು ಒಂದೇ ಅಲ್ಲ. ನಮ್ಮ ಮಕ್ಕಳು ಸೀಟು ಕಳ್ಕೊಳ್ತಿರೋದು ಅಲ್ಲಿ.

ನಮ್ಮ ತಾಲ್ಲೂಕಿನ ಒಬ್ಬ ಹುಡುಗಿ. ಹೆಸರು ಬೇಡ ಅಂದಿದಾಳೆ, ಹೇಳಲ್ಲ. ಅವ್ವ ಪೌರಕಾರ್ಮಿಕರು. ಬೆಳಗಿನ ಜಾವ ಐದಕ್ಕೆ ಪೊರಕೆ ಹಿಡಿದು ಬಸ್‌ಸ್ಟ್ಯಾಂಡ್ ರಸ್ತೆ ಗುಡಿಸ್ತಾರೆ. ಅಪ್ಪ ಇಲ್ಲ. ಹುಡುಗಿ ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಆಮೇಲೆ ನೀಟ್ ಬರೆದು, ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಎಂಬಿಬಿಎಸ್ ಸೀಟು ತಗೊಂಡಳು. ಮೊದಲನೇ ವರ್ಷ ಅನಾಟಮಿ ಪುಸ್ತಕ ಮುಂದಿಟ್ಕೊಂಡು ರಾತ್ರಿಯೆಲ್ಲಾ ಡಿಕ್ಷನರಿ ನೋಡ್ತಿದ್ದೆ ಅಣ್ಣ ಅಂತ ಅವಳೇ ಹೇಳಿದ್ದು. ಆದ್ರೂ ಎಲ್ಲೂ ಫೇಲಾಗದೆ ಮುಗಿಸಿದಳು.

2024ರ ನೀಟ್ ಪಿಜಿಗೆ ಅರ್ಜಿ ಹಾಕಿದಳು. ಪರೀಕ್ಷೆ ಜೂನ್ 23ಕ್ಕೆ ಅಂತ ಇತ್ತು. ಬೆಂಗಳೂರಿನ ನೆಂಟರ ಮನೆಗೆ ಹಿಂದಿನ ದಿನವೇ ಹೋಗಿದ್ದಳು. ರಾತ್ರಿ ಊಟಕ್ಕೆ ಕೂತಾಗ ಫೋನಿಗೆ ಸುದ್ದಿ ಬಂತು, ಪರೀಕ್ಷೆ ಮುಂದಕ್ಕೆ ಹೋಯ್ತು ಅಂತ. ಬೆಳಗಾದ್ರೆ ಪರೀಕ್ಷೆ, ರಾತ್ರಿ ರದ್ದು! ಇಡೀ ದೇಶದ ಹುಡುಗರಿಗೆ ಹಂಗೇ ಆಯ್ತು, ಅವಳೊಬ್ಬಳಿಗೇ ಅಲ್ಲ, ನಿಜ. ಆದರೆ ಮನೆ ಕಾರಿನಲ್ಲಿ ಬಂದವರು ಅದೇ ಕಾರಿನಲ್ಲಿ ವಾಪಸ್ ಹೋದರು. ಇವಳು ಡ್ಯೂಟಿಗೆ ರಜಾ ಹಾಕಿ ಬಂದಿದ್ದಳು, ಸಂಬಳ ಕಟ್. ಕಡೆಗೆ ಆಗಸ್ಟ್ 11ಕ್ಕೆ ಪರೀಕ್ಷೆ ಆಯ್ತು. ಮತ್ತೆ ರಜಾ, ಮತ್ತೆ ಸಂಬಳ ಕಟ್.

ಆಗಸ್ಟ್ 23ಕ್ಕೆ ಫಲಿತಾಂಶ ಬಂತು. ಒಳ್ಳೆ ರ‍್ಯಾಂಕೇ ಬಂದಿತ್ತು. ಆಮೇಲೆ ಕಾಯೋದು. ಕೋರ್ಟಿನಲ್ಲಿ ಕೇಸು, ವೇಳಾಪಟ್ಟಿ ಮುಂದಕ್ಕೆ. ಅಖಿಲ ಭಾರತ ಕೋಟಾದ ಮೊದಲನೇ ಸುತ್ತಿನ ಸೀಟು ಹಂಚಿಕೆ ಆಗುವಷ್ಟರಲ್ಲಿ ನವೆಂಬರ್ ಬಂದಿತ್ತು. ಅಷ್ಟು ದಿನ ಅವಳು ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಡ್ಯೂಟಿ ಡಾಕ್ಟರ್.

ರಾಜ್ಯ ಕೋಟಾದ ಎರಡನೇ ಸುತ್ತಿನಲ್ಲಿ ಅವಳಿಗೆ ಸೀಟು ಬಂತು. ಮಕ್ಕಳ ವಿಭಾಗ, ಎಂಡಿ ಪೀಡಿಯಾಟ್ರಿಕ್ಸ್. ಗುರುವಾರ ಸಂಜೆ ನನಗೆ ಫೋನ್ ಮಾಡಿ ಅಳ್ತಿದಾಳೆ, ಸಂತೋಷಕ್ಕೆ. ಅವರ ಅವ್ವ ಬೀದಿಗೆಲ್ಲಾ ಸಕ್ಕರೆ ಹಂಚಿದ್ರು. ಮೂಲ ದಾಖಲೆ ಒಪ್ಪಿಸಿ ಸೇರ್ಕೊಳ್ಳೋಕೆ ಸೋಮವಾರ ಸಂಜೆ ನಾಲ್ಕು ಗಂಟೆವರೆಗೆ ಟೈಮು.

ಆಗ ಗೊತ್ತಾಯ್ತು. ಅವಳ ಮೂಲ ಮಾರ್ಕ್ಸ್ ಕಾರ್ಡುಗಳು ಎಂಬಿಬಿಎಸ್ ಓದಿದ ಕಾಲೇಜಿನಲ್ಲೇ ಇವೆ. ಸ್ಕಾಲರ್‌ಶಿಪ್ಪಿನ ಹಣ ಸರ್ಕಾರದಿಂದ ಪೂರ್ತಿ ಬಂದಿಲ್ಲ, 1 ಲಕ್ಷ 84 ಸಾವಿರ ಬಾಕಿ, ಕಟ್ಟಿದ್ರೆ ಕೊಡ್ತೀವಿ. ಲೆಕ್ಕದ ಸೆಕ್ಷನ್ನಿನಲ್ಲಿ ಕೂತವನು ಹೇಳಿದ್ದು ಇಷ್ಟೇ. ತಲೆ ಕೂಡ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ಕಾಲರ್‌ಶಿಪ್ ನೋಡ್ಕೊಳ್ಳೋ ಕಚೇರಿಗೆ ಹೋದ್ವಿ. "ಬಿಲ್ಲು ಖಜಾನೆಗೆ ಹೋಗಿದೆ, ಇವತ್ತು ನಾಳೆ ಬರುತ್ತೆ." ನಾಳೆ ಎರಡನೇ ಶನಿವಾರ ಸ್ವಾಮಿ! ನಾಡಿದ್ದು ಭಾನುವಾರ! ಆ ಎರಡು ದಿನ ನಾನು ಫೋನ್ ಮಾಡದ ಮನುಷ್ಯ ಇಲ್ಲ. ಸಾಲ ಕೇಳಿದ್ವಿ, ನಲವತ್ತೆರಡು ಸಾವಿರ ಕೂಡ್ತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಚೇರಿ ಬಾಗಿಲಲ್ಲಿ ನಿಂತು, ಹಣ ಬಂದೇ ಬರುತ್ತೆ ಅಂತ ಒಂದು ಪತ್ರ ಬರೆಸ್ಕೊಂಡ್ವಿ. ಆ ಪತ್ರಕ್ಕೆ ಸಹಿ ಮಾಡೋ ಸಾಹೇಬ್ರು ಮೀಟಿಂಗಿನಲ್ಲಿದ್ರು. ಕಾಲೇಜಿಗೆ ಹೋದಾಗ ಮಧ್ಯಾಹ್ನ ಎರಡು. ಪ್ರಿನ್ಸಿಪಾಲ್ ಊಟಕ್ಕೆ. ಮಾರ್ಕ್ಸ್ ಕಾರ್ಡು ಕೈಗೆ ಬಂದಾಗ ಮೂರೂ ಹತ್ತು. ಕಾರು ಬಾಡಿಗೆಗೆ ತಗೊಂಡ್ವಿ. ಟ್ರಾಫಿಕ್ಕಿನಲ್ಲಿ ಇದ್ದಾಗಲೇ ನಾಲ್ಕಾಯ್ತು.

ಮುಂದಿನ ಸುತ್ತಿಗೆ ಆ ಸೀಟು ಬೇರೆ ಯಾರದೋ ಆಯ್ತು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಇಳಿಯುವಾಗ ಅವಳು ಕೇಳಿದ್ದು ಒಂದೇ: "ಅಣ್ಣ, ಅವ್ವನಿಗೆ ಏನಂತ ಹೇಳ್ಲಿ?"

ಸ್ಕಾಲರ್‌ಶಿಪ್ ಹಣ ಆರು ವಾರ ಕಳೆದ ಮೇಲೆ ಬಂತು. ಪೂರ್ತಿ ಬಂತು. ಒಂದು ರೂಪಾಯಿ ಕಡಿಮೆ ಇಲ್ಲ.

ಈಗ ಹೇಳಿ ಡಾಕ್ಟ್ರೇ, ಅವಳದು ಮೆರಿಟ್ ಕೊರತೆಯಾ? ಮುಂದಿನ ವರ್ಷ ಯಾರೋ ಭಾಷಣ ಮಾಡ್ತಾರೆ, "ಎಸ್‌ಸಿ ಸೀಟು ತುಂಬೋದೇ ಇಲ್ಲ, ಸುಮ್ಮನೆ ಇಟ್ಟಿದಾರೆ" ಅಂತ. ಸೀಟು ತುಂಬೋಕೆ ಬಿಟ್ಟವರು ಯಾರು? ಎಂಬಿಬಿಎಸ್‌ನಲ್ಲಿ ಪಕ್ಕದ ಬೆಂಚಿನಲ್ಲಿ ಕೂತ ಹುಡುಗನ ಮಾರ್ಕ್ಸ್ ಕಾರ್ಡು ಅವನ ಮನೆ ಬೀರುವಿನಲ್ಲಿತ್ತು. ಇವಳದು ಕಾಲೇಜಿನ ಬೀರುವಿನಲ್ಲಿತ್ತು. ಒಂದೇ ಕ್ಲಾಸು, ಒಂದೇ ಪರೀಕ್ಷೆ ಅಂದ್ರಲ್ಲ, ಬೀರು ಬೇರೆ ಬೇರೆ ಇತ್ತು ನೋಡಿ.

ಮೂಲ ದಾಖಲೆಗಳನ್ನ ಹಿಡಿದಿಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಆದ್ರೆ ಆ ಕಾಗದ ಹಿಡ್ಕೊಂಡು ವಾದ ಮಾಡೋಕೂ ಟೈಮ್ ಬೇಕಲ್ಲ. ಕಾನೂನು ನಮ್ಮ ಕಡೆ ಇದ್ದಾಗಲೂ ಗಡಿಯಾರ ಅವರ ಕಡೆ ಇರುತ್ತೆ.

ಇದು ಒಬ್ಬಳ ಕಥೆ ಅಂದ್ಕೋಬೇಡಿ. ಈ ವ್ಯವಸ್ಥೆಯ ಕ್ಯಾಲೆಂಡರನ್ನೇ ಒಂದ್ಸಲ ನೋಡಿ. 2021ರ ಪರೀಕ್ಷೆ ಏಪ್ರಿಲ್ 18ಕ್ಕೆ ಇತ್ತು, ಕೊರೋನಾ ಅಂತ ಮುಂದೂಡಿ ಸೆಪ್ಟೆಂಬರ್ 11ಕ್ಕೆ ಮಾಡಿದ್ರು. ಕೌನ್ಸೆಲಿಂಗ್ ಶುರುವಾಗಿದ್ದು 2022ರ ಜನವರಿಯಲ್ಲಿ. ಡಿಸೆಂಬರ್ ಚಳಿಯಲ್ಲಿ ದಿಲ್ಲಿಯ ರೆಸಿಡೆಂಟ್ ಡಾಕ್ಟರುಗಳು ಬೀದಿಗಿಳಿದಿದ್ದು ನೆನಪಿರಬಹುದು. 2023ರಲ್ಲಿ ಮಾರ್ಚ್ 5ಕ್ಕೇ ಪರೀಕ್ಷೆ ಮುಗೀತು, ಕೌನ್ಸೆಲಿಂಗ್ ಶುರುವಾಗೋಕೆ ಜುಲೈ ಕೊನೆ ಬಂತು. 2025ರಲ್ಲಿ ಜೂನ್ 15ಕ್ಕೆ ಅಂತ ಹೇಳಿ, ಒಂದೇ ಪಾಳಿಯಲ್ಲಿ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆಗಸ್ಟ್ 3ಕ್ಕೆ ಹೋಯ್ತು. ಒಂದೇ ಪಾಳಿ ಆಗಿದ್ದು ಒಳ್ಳೇದೇ, ಅದಕ್ಕೆ ನನ್ನ ತಕರಾರಿಲ್ಲ. ನಾನು ಹೇಳ್ತಿರೋದು, ಪ್ರತಿ ಸಲ ಮುಂದಕ್ಕೆ ಹೋದಾಗಲೂ ಆ ಕಾಯೋ ತಿಂಗಳುಗಳ ಖರ್ಚು ಯಾರು ಕೊಡ್ತಾರೆ ಅಂತ.

ಅಪ್ಪನ ನರ್ಸಿಂಗ್ ಹೋಮ್ ಇರೋನಿಗೆ ಪರೀಕ್ಷೆ ಎರಡು ತಿಂಗಳು ಮುಂದಕ್ಕೆ ಹೋದ್ರೆ ಇನ್ನೊಂದು ರಿವಿಷನ್ ಆಗುತ್ತೆ. ಹೈದರಾಬಾದಿನಲ್ಲೋ ದಿಲ್ಲಿಯಲ್ಲೋ ರೂಮು ಮಾಡ್ಕೊಂಡು, ವರ್ಷಪೂರ್ತಿ ಬೇರೇನೂ ಮಾಡದೆ ಓದ್ತಾನೆ. ಅದನ್ನ ಅವರು ಡ್ರಾಪ್ ತಗೊಳ್ಳೋದು ಅಂತಾರೆ. ನಮ್ಮವರಿಗೆ ಇಂಟರ್ನ್‌ಶಿಪ್ಪಿನ ಸ್ಟೈಪೆಂಡ್ ನಿಂತ ದಿನವೇ ಮನೆಯಿಂದ ಫೋನ್ ಬರುತ್ತೆ: ಸಂಘದ ಸಾಲದ ಕಂತು ಕಟ್ಟಬೇಕು, ತಮ್ಮನ ಫೀಸು ಕಟ್ಟಬೇಕು, "ಡಾಕ್ಟರ್ ಆದ್ಯಲ್ಲಪ್ಪ, ಇನ್ನೇನು ಓದೋದು?" ಹಂಗಾಗಿ ರಾತ್ರಿ ಪಾಳಿ. ಎರಡು ಪೇಷೆಂಟ್ ಮಧ್ಯೆ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸೋದು. ಮ್ಯಾರೋ ಆ್ಯಪಿನ ಒಂದು ಲಾಗಿನ್‌ಗೆ ಸೀನಿಯರ್ ಕೈಕಾಲು ಹಿಡಿಯೋದು. ಇಬ್ಬರೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಬರೀತಾರೆ. ಆಮೇಲೆ ಬಂದ ರ‍್ಯಾಂಕಿಗೆ ಮೆರಿಟ್ ಅಂತ ಹೆಸರಿಡ್ತೀರಿ.

ಇದನ್ನ ನಾನು ಹೇಳಿದ್ರೆ ಜಾತಿವಾದಿ ಮಾತು ಅಂತೀರಿ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಖಿಲ ಭಾರತ ಕೋಟಾದಲ್ಲಿ ಒಬಿಸಿ ಮೀಸಲಾತಿ ಎತ್ತಿಹಿಡಿದ ತೀರ್ಪು ಅದು. ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನಮ್ಮ ಕೊಡಗಿನ ನ್ಯಾಯಮೂರ್ತಿ ಬೋಪಣ್ಣ ಕೊಟ್ಟಿದ್ದು. ಪರೀಕ್ಷೆಯ ಅಂಕವೊಂದನ್ನೇ ಮೆರಿಟ್ ಅನ್ನೋಕಾಗಲ್ಲ, ಕೆಲವು ವರ್ಗಗಳಿಗೆ ಮೊದಲಿಂದಲೂ ಸಿಕ್ಕಿರೋ ಸಾಮಾಜಿಕ, ಆರ್ಥಿಕ ಅನುಕೂಲ ಆ ಅಂಕದಲ್ಲಿ ಕಾಣಲ್ಲ ಅಂತ ಅದರ ಸಾರ. ಪಿಜಿ ಪರೀಕ್ಷೆ ವಿಷಯದಲ್ಲೇ ಹೇಳಿದ್ದು.

ಇನ್ನೊಂದು ತಮಾಷೆ ನೋಡಿ. ಪಿಜಿಗೆ ಅರ್ಹತೆಯ ಗೆರೆ ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ನಮಗೆ 40. ಈ ಹತ್ತರ ವ್ಯತ್ಯಾಸ ಇಟ್ಕೊಂಡು ಎಷ್ಟು ಭಾಷಣ, ಎಷ್ಟು ಜೋಕು! "ಮೀಸಲಾತಿ ಡಾಕ್ಟರ್ ಹತ್ರ ಆಪರೇಷನ್ ಮಾಡಿಸ್ಕೋತೀರಾ" ಅನ್ನೋ ವಾಟ್ಸಾಪ್ ಫಾರ್ವರ್ಡ್ ಬಂದಿರದ ಫೋನ್ ಯಾವುದಿದೆ? 2023ರ ಸೆಪ್ಟೆಂಬರಿನಲ್ಲಿ ಸೀಟು ಖಾಲಿ ಉಳಿದಾಗ ಕೇಂದ್ರ ಸರ್ಕಾರ ಆ ಗೆರೆಯನ್ನ ಸೊನ್ನೆಗೆ ಇಳಿಸ್ತು. ಎಲ್ಲಾ ವರ್ಗಕ್ಕೂ ಸೊನ್ನೆ. ಅಂದ್ರೆ ಪರೀಕ್ಷೆ ಬರೆದಿದ್ರೆ ಸಾಕು, ಮೈನಸ್ ಅಂಕ ಬಂದಿದ್ರೂ ಅರ್ಹ. ನಾನೇನೂ ಅದನ್ನ ತಪ್ಪು ಅಂತಿಲ್ಲ, ಎಂಬಿಬಿಎಸ್ ಪಾಸಾದವರೆಲ್ಲ ಡಾಕ್ಟರೇ. ನಾನು ಕೇಳ್ತಿರೋದು, ಅವತ್ತು ಮೆರಿಟ್ ಎಲ್ಲಿಗೆ ಹೋಗಿತ್ತು? ರೇಡಿಯಾಲಜಿ ಸೀಟಿಗೆ ಕೋಟಿ ದಾಟಿದ ಫೀಸು ಕಟ್ಟೋರು ಸೊನ್ನೆ ತಂದ್ರೂ ಯಾರೂ "ಅವರ ಹತ್ರ ಸ್ಕ್ಯಾನ್ ಮಾಡಿಸ್ಕೋತೀರಾ" ಅಂತ ಕೇಳಲ್ಲ. ದುಡ್ಡಿಗೆ ಜಾತಿ ಸರ್ಟಿಫಿಕೇಟ್ ಬೇಡ.

ಅಂದ ಹಾಗೆ ಡೀಮ್ಡ್ ಯೂನಿವರ್ಸಿಟಿಗಳ ಸೀಟಿನಲ್ಲಿ ನಮಗೆ ಮೀಸಲಾತಿಯೇ ಇಲ್ಲ. ಅಲ್ಲಿನ ಕೌನ್ಸೆಲಿಂಗಿಗೆ ಹೆಸರು ಹಾಕೋಕೇ ಎರಡು ಲಕ್ಷ ಠೇವಣಿ. ಎಲ್ಲಾ ಜಾತಿಗೂ ಸಮಾನವಾಗಿ ಎರಡು ಲಕ್ಷ. ಸಮಾನತೆ ಅಂದ್ರೆ ಇದು ನೋಡಿ!

ಈ ಕಾಲದ ಆಟ ಹೊಸದೂ ಅಲ್ಲ. ಬಾಬಾಸಾಹೇಬರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದ್ರು. ಅಲ್ಲಿಂದ ಲಂಡನ್‌ಗೆ ಬಂದು ಓದ್ತಿದ್ದಾಗ, 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗೀತು. ಬುದ್ಧಿ ಮುಗಿದಿರಲಿಲ್ಲ, ಅವಧಿ ಮುಗೀತು. ಓದು ಅರ್ಧಕ್ಕೆ ಬಿಟ್ಟು ಊರಿಗೆ ಬರಬೇಕಾಯ್ತು. ನಾಲ್ಕು ವರ್ಷದೊಳಗೆ ವಾಪಸ್ ಬಂದು ಮುಂದುವರಿಸಬಹುದು ಅಂತ ಲಂಡನ್ ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಸಂಬಳ ಉಳಿಸಿ, ಶಾಹೂ ಮಹಾರಾಜರ ನೆರವು, ಪಾರ್ಸಿ ಗೆಳೆಯರ ಸಾಲ ಸೇರಿಸಿ 1920ರಲ್ಲಿ ಮತ್ತೆ ಹಡಗು ಹತ್ತಿದ್ರು. ಲಂಡನ್ನಿನ ಡಿಎಸ್ಸಿ ಕೈಗೆ ಬಂದಿದ್ದು 1923ರಲ್ಲಿ. ಆ ವಿಶ್ವವಿದ್ಯಾಲಯ "ಸೋಮವಾರ ನಾಲ್ಕು ಗಂಟೆಯೊಳಗೆ ಬಾ" ಅಂದಿದ್ರೆ? ಲಂಡನ್ನಿನವರು ಅಂಬೇಡ್ಕರ್‌ಗೆ ನಾಲ್ಕು ವರ್ಷ ಕೊಟ್ರು ಸ್ವಾಮಿ. ನಾವು ನಮ್ಮ ಹುಡುಗಿಗೆ ನಾಲ್ಕು ದಿನ ಕೊಟ್ವಿ, ಅದರಲ್ಲಿ ಎರಡು ರಜಾ.

ಸರ್ಕಾರವನ್ನ ಬೈದು ಕೈ ತೊಳ್ಕೊಳ್ಳೋಕೆ ನಾನು ಈ ಪೋಸ್ಟ್ ಹಾಕ್ತಿಲ್ಲ. ನಮ್ಮದೂ ತಪ್ಪಿದೆ. ನನ್ನದಂತೂ ಇದೆ. ಏಪ್ರಿಲ್ 14ರಂದು ಜಯಂತಿಗೆ ಪೆಂಡಾಲು ಹಾಕ್ತೀವಿ, ಡಿಜೆ ತರಿಸ್ತೀವಿ, ಎಂಬಿಬಿಎಸ್ ಸೀಟು ಸಿಕ್ಕ ಮಕ್ಕಳಿಗೆ ಶಾಲು ಹೊದಿಸಿ ಫೋಟೋ ತೆಗೆಸ್ಕೋತೀವಿ. ಈ ಹುಡುಗಿಗೂ ನಾನೇ ಶಾಲು ಹೊದಿಸಿದ್ದೆ. ಆ ಫೋಟೋ ನನ್ನ ಪ್ರೊಫೈಲಿನಲ್ಲಿ ಎರಡು ತಿಂಗಳು ಇತ್ತು. ಆಮೇಲೆ ಐದೂವರೆ ವರ್ಷ ಅವಳು ಏನು ತಿಂದಳು, ಫೀಸು ಬಂತಾ, ದಾಖಲೆ ಎಲ್ಲಿದೆ ಅಂತ ಒಂದು ದಿನ ಕೇಳಲಿಲ್ಲ. ಪೆಂಡಾಲು ಬಿಚ್ಚೋ ಹೊತ್ತಿಗೇ ಪಿಜಿ ಅರ್ಜಿ ಶುರುವಾಗಿರುತ್ತೆ ಅಂತ ನಮಗೆ ಎಷ್ಟು ಜನಕ್ಕೆ ಗೊತ್ತು? 2024ರಲ್ಲಿ ಏಪ್ರಿಲ್ 16ಕ್ಕೆ ಶುರುವಾಯ್ತು, 2025ರಲ್ಲಿ ಏಪ್ರಿಲ್ 17ಕ್ಕೆ. ಅರ್ಜಿಯ ಶುಲ್ಕ ನಮ್ಮವರಿಗೆ 2,500 ರೂಪಾಯಿ. ಒಂದು ಫ್ಲೆಕ್ಸಿನ ದುಡ್ಡು.

ಆ ಸೋಮವಾರದ ನಂತರ ನಾನು ಒಂದು ವರ್ಷ ಈ ಕಾಗದಗಳ ಹಿಂದೆ ಬಿದ್ದು ತಿಳ್ಕೊಂಡಿದ್ದನ್ನ ಬರೀತೀನಿ. ನಾನು ಓದಿರೋದು ಬಿಎ. ತಪ್ಪಿದ್ರೆ ಡಾಕ್ಟರ್ ಆಗಿರೋ ತಮ್ಮ ತಂಗಿಯರು ತಿದ್ದಿ.

ಮೊದಲನೇದು, ಇಂಟರ್ನ್‌ಶಿಪ್ ಮುಗಿಯೋ ದಿನ. ಪ್ರತಿ ವರ್ಷ ಒಂದು ಗಡುವು ಇಡ್ತಾರೆ, ಅಷ್ಟರೊಳಗೆ ಹನ್ನೆರಡು ತಿಂಗಳು ಮುಗಿದಿರಬೇಕು. 2025ಕ್ಕೆ ಅದು ಜುಲೈ 31 ಇತ್ತು. ಒಂದು ದಿನ ಹೆಚ್ಚಾದ್ರೂ ಒಂದು ವರ್ಷ ಹೋಯ್ತು. ಕನ್ನಡ ಮೀಡಿಯಮ್ಮಿಂದ ಬಂದ ಹುಡುಗ ಮೊದಲನೇ ವರ್ಷ ಒಂದು ವಿಷಯದಲ್ಲಿ ಹೋಗಿ ಬ್ಯಾಚಿನಿಂದ ಹಿಂದೆ ಬಿದ್ದಿರ್ತಾನೆ. ಆವತ್ತಿನ ಆ ಫೇಲು ಐದು ವರ್ಷ ಆದ ಮೇಲೆ ಇಲ್ಲಿ ಬಂದು ಹೊಡೆಯುತ್ತೆ. ಇಂಟರ್ನ್‌ಶಿಪ್ಪಿನಲ್ಲಿ ಸುಮ್ಮಸುಮ್ಮನೆ ರಜಾ ಹಾಕಬೇಡಿ, ಹಾಕಿದ್ರೆ ದಿನ ಎಣಿಸಿ ಹಾಕಿ.

ಜಾತಿ ಪ್ರಮಾಣಪತ್ರ ಒಂದಲ್ಲ, ಎರಡು ಬೇಕು. ನಾಡಕಚೇರಿಯಿಂದ ಬರೋ ಆರ್‌ಡಿ ನಂಬರಿನ ಕನ್ನಡದ ಪ್ರಮಾಣಪತ್ರ ರಾಜ್ಯದ ಕೌನ್ಸೆಲಿಂಗಿಗೆ ಸಾಕು. ಅಖಿಲ ಭಾರತ ಕೋಟಾಕ್ಕೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಅದಕ್ಕೆ ಸೆಂಟ್ರಲ್ ಫಾರ್ಮ್ಯಾಟಿನ ಪ್ರಮಾಣಪತ್ರ ಬೇರೆ ಮಾಡಿಸಿ. ಕೇಸ್ ವರ್ಕರ್ "ಒಂದು ಇದೆಯಲ್ಲಾ, ಇನ್ನೊಂದ್ಯಾಕೆ" ಅಂತಾನೆ. ಜಗಳ ಬೇಡ, ನಿಯಮದ ಪ್ರಿಂಟ್ ತೋರಿಸಿ. ಸರ್ಕಾರಿ ಕಾಲೇಜುಗಳ ಅರ್ಧ ಪಿಜಿ ಸೀಟು ಅಖಿಲ ಭಾರತ ಕೋಟಾದಲ್ಲಿವೆ, ಅದರಲ್ಲಿ ಶೇ 15 ನಮ್ಮದು, ಶೇ 7.5 ಪರಿಶಿಷ್ಟ ಪಂಗಡದ್ದು. ಒಂದು ಕಾಗದ ಇಲ್ಲ ಅಂತ ಇಷ್ಟನ್ನೂ ಬಿಟ್ಟು ಕೂತಿರೋ ನಮ್ಮ ಹುಡುಗರನ್ನ ನಾನು ಕಣ್ಣಾರೆ ನೋಡಿದೀನಿ. ಕಲ್ಯಾಣ ಕರ್ನಾಟಕದವರು 371ಜೆ ಅರ್ಹತಾ ಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಗೆ ಈಗಲೇ ಹೋಗಿ, ಅಲ್ಲಿ ದಿನ ಹಿಡಿಯುತ್ತೆ.

ಹೆಸರು ನೋಡ್ಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಜಾತಿ ಪ್ರಮಾಣಪತ್ರದಲ್ಲಿ ಮುಂದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ನಮ್ಮ ಅಪ್ಪಂದಿರ ಹೆಸರನ್ನ ಮೇಷ್ಟ್ರು ಒಂಥರಾ ಬರೆದಿರ್ತಾರೆ, ಗ್ರಾಮಲೆಕ್ಕಿಗರು ಇನ್ನೊಂಥರಾ. ಮೇಲ್ಜಾತಿಯವರ ಮನೆ ಕಾಗದಗಳಲ್ಲಿ ಮೂರು ತಲೆಮಾರಿನಿಂದ ಹೆಸರು ನೆಟ್ಟಗಿರುತ್ತೆ. ನಮ್ಮದು ಸರಿ ಮಾಡಿಸೋಕೇ ಒಂದು ತಲೆಮಾರು ಬೇಕು. ಇಂಟರ್ನ್‌ಶಿಪ್ ಶುರುವಾದ ತಿಂಗಳೇ ಈ ಕೆಲಸಕ್ಕೆ ಕೈಹಾಕಿ.

ಅರ್ಜಿಯನ್ನ ಕಡೇ ದಿನ ರಾತ್ರಿ ಸೈಬರ್ ಸೆಂಟರಿನ ಹುಡುಗನ ಕೈಗೆ ಕೊಡಬೇಡಿ. ಅವಸರದಲ್ಲಿ ವರ್ಗದ ಜಾಗದಲ್ಲಿ ಜನರಲ್ ಅಂತ ಒತ್ತಿರ್ತಾನೆ. ತಿದ್ದೋಕೆ ಕೆಲವೇ ದಿನ ಅವಕಾಶ ಕೊಡ್ತಾರೆ, ಅದು ಮುಗಿದ್ರೆ ನೀವು ಆ ವರ್ಷಕ್ಕೆ ಜನರಲ್ಲೇ.

ಚಾಯ್ಸ್ ಹಾಕೋದು ಇನ್ನೊಂದು ವಿದ್ಯೆ. ನಮ್ಮ ಮಕ್ಕಳು ಹೆದರಿ ಹತ್ತೇ ಹತ್ತು ಕಾಲೇಜು ಹಾಕಿ ಕೂತ್ಕೋತಾರೆ, ಅಥವಾ "ನಮಗೆಲ್ಲಿ ಸಿಗುತ್ತೆ" ಅಂತ ಒಳ್ಳೇದನ್ನ ಕೆಳಗೆ ಹಾಕ್ತಾರೆ. ಯಾವುದು ಬೇಕೋ ಅದನ್ನೇ ಮೇಲೆ ಹಾಕಿ. ಕಂಪ್ಯೂಟರಿಗೆ ನಾಚಿಕೆ ಸಂಕೋಚ ಇಲ್ಲ, ಮೇಲಿಂದ ನೋಡ್ತಾ ಬರುತ್ತೆ. ನಿಮ್ಮ ರ‍್ಯಾಂಕಿಗೆ ಸಾಮಾನ್ಯ ಸೀಟೇ ಸಿಗೋದಾದ್ರೆ ಅದನ್ನೇ ಕೊಡುತ್ತೆ. ಅದು ನಿಮ್ಮ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ಮತ್ತೆ ಸುತ್ತಿನಿಂದ ಸುತ್ತಿಗೆ ನಿಯಮ ಬೇರೆ. ಅಖಿಲ ಭಾರತ ಕೋಟಾದ ಮೊದಲನೇ ಸುತ್ತಿನ ಸೀಟು ಬಿಟ್ರೆ ನಷ್ಟ ಇಲ್ಲ. ಎರಡನೇದರಲ್ಲಿ ಬಿಟ್ರೆ ಠೇವಣಿ ಹೋಗುತ್ತೆ, ನಮ್ಮವರಿಗೆ ಅದು ಹತ್ತು ಸಾವಿರ. ಕಡೇ ಸ್ಟ್ರೇ ಸುತ್ತಿನಲ್ಲಿ ಸಿಕ್ಕಿದ್ದನ್ನ ಸೇರದಿದ್ರೆ ಮುಂದಿನ ಪರೀಕ್ಷೆಗೇ ತಡೆ. ಮೊದಲನೇ ಸುತ್ತಿನಲ್ಲಿ ಸಿಕ್ಕಿದ್ದಕ್ಕೆ ಸೇರಿ ಇನ್ನೂ ಒಳ್ಳೇದು ಬೇಕು ಅನ್ನೋರು, ಸೇರುವಾಗಲೇ ಅಪ್‌ಗ್ರೇಡ್ ಬೇಕು ಅಂತ ಹೇಳಿರಬೇಕು. ನಿಯಮ ಆಗಾಗ ಬದಲಾಗುತ್ತೆ, ಆಯಾ ವರ್ಷದ ಮಾಹಿತಿ ಪುಸ್ತಕ ಕೂತು ಓದಿ.

ಮುಖ್ಯವಾದದ್ದು ಮೂಲ ದಾಖಲೆ. ಕಡೇ ವರ್ಷ ಓದುವಾಗಲೇ ಎಸ್‌ಎಸ್‌ಪಿ ಪೋರ್ಟಲ್ ತೆಗೆದು ವರ್ಷ ವರ್ಷದ ಸ್ಕಾಲರ್‌ಶಿಪ್ ಬಂದಿದೆಯಾ ನೋಡಿ. ಬಂದಿಲ್ಲ ಅಂದ್ರೆ ಯಾವ ವರ್ಷದ್ದು, ಎಷ್ಟು ಅಂತ ಕಾಲೇಜಿನಿಂದ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿ ಮಾತು ಬೇಡ. ಇಂಟರ್ನ್‌ಶಿಪ್ ಮುಗಿದ ವಾರವೇ ದಾಖಲೆ ವಾಪಸ್ ಕೇಳಿ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಕೊಡದಿದ್ರೆ ಆಗ ನಮಗೆ ಹೇಳಿ. ಆಗ ಗಲಾಟೆ ಮಾಡೋಕೆ ತಿಂಗಳುಗಟ್ಟಲೆ ಟೈಮ್ ಇರುತ್ತೆ. ಸೀಟು ಬಂದ ಗುರುವಾರ ಸಂಜೆ ಫೋನ್ ಮಾಡಿದ್ರೆ ನನ್ನಂಥವನು ಓಡಾಡಬಹುದು ಅಷ್ಟೇ.

ಇಷ್ಟೆಲ್ಲಾ ನಮ್ಮ ಮಕ್ಕಳೇ ಮಾಡ್ಕೋಬೇಕಾ? ಸರ್ಕಾರಕ್ಕೆ ಕೆಲಸ ಇಲ್ವಾ? ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಅದರ ಸಾವಿರಾರು ಕೋಟಿ ಗ್ಯಾರಂಟಿಗಳಿಗೆ ಹೋಗುತ್ತೆ. ಗ್ಯಾರಂಟಿಯಿಂದ ನಮ್ಮ ಅವ್ವಂದಿರಿಗೂ ಅನುಕೂಲ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಎಲ್ಲರಿಗೂ ಕೊಡೋದನ್ನ ಎಲ್ಲರ ದುಡ್ಡಲ್ಲಿ ಕೊಡಿ, ನಮ್ಮ ತಟ್ಟೆಯಿಂದ ತೆಗೆದು ನಮಗೇ ಬಡಿಸಬೇಡಿ. 2022ರಲ್ಲಿ ಮೀಸಲಾತಿ 15ರಿಂದ 17ಕ್ಕೆ ಏರಿಸಿದ್ವಿ ಅಂತ ಒಬ್ಬರು ಬೀಗಿದ್ರು, 2025ರಲ್ಲಿ 6-6-5 ಒಳಮೀಸಲಾತಿ ಮಾಡಿದ್ವಿ ಅಂತ ಇನ್ನೊಬ್ಬರು. ಒಳಮೀಸಲಾತಿ ಬಗ್ಗೆ ನನ್ನ ಮಾತು ಇನ್ನೊಂದು ಪೋಸ್ಟಿಗೆ ಇರಲಿ. ಪರ್ಸೆಂಟು ಕಾಗದದ ಮೇಲಿದೆ, ಸೀಟಿಗೆ ಕೂರೋ ಹುಡುಗಿಯ ಮಾರ್ಕ್ಸ್ ಕಾರ್ಡು ಒತ್ತೆಯಲ್ಲಿದೆ.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಸ್ಕಾಲರ್‌ಶಿಪ್ ಬಾಕಿ ಇದ್ರೆ ಅದು ಸರ್ಕಾರಕ್ಕೂ ಕಾಲೇಜಿಗೂ ಇರೋ ಲೆಕ್ಕ, ವಿದ್ಯಾರ್ಥಿಯ ದಾಖಲೆ ಹಿಡಿಯೋ ಹಾಗಿಲ್ಲ, ಹಿಡಿದ್ರೆ ಕಾಲೇಜಿಗೆ ದಂಡ ಅಂತ ಒಂದು ಆದೇಶ ಹೊರಡಿಸಿ. ಸೇರ್ಕೊಳ್ಳೋ ಗಡುವಿನಲ್ಲಿ ರಜಾ ದಿನ ಎಣಿಸಬೇಡಿ. ಠೇವಣಿ, ಮೊದಲ ಕಂತಿನ ಫೀಸಿಗೆ ಜಿಲ್ಲಾ ಮಟ್ಟದಲ್ಲಿ ಒಂದು ಸುತ್ತುನಿಧಿ ಇಡಿ, ಸ್ಕಾಲರ್‌ಶಿಪ್ ಬಂದ ಮೇಲೆ ವಾಪಸ್ ತಗೊಳ್ಳಿ. ಐಎಎಸ್ ತರಬೇತಿಗೆ ನಮ್ಮ ಹುಡುಗರನ್ನ ದಿಲ್ಲಿಗೆ ಕಳಿಸ್ತೀರಲ್ಲ, ಅದೇ ಥರ ಪಿಜಿ ಓದೋರಿಗೂ ಒಂದು ವರ್ಷ ಊಟ, ರೂಮು, ತಿಂಗಳಿಗಿಷ್ಟು ಅಂತ ಕೊಡಿ. ರಾತ್ರಿ ಪಾಳಿ ಮಾಡದೆ ಓದೋ ಒಂದೇ ಒಂದು ವರ್ಷ.

ಆ ಹುಡುಗಿ ಈಗಲೂ ಅದೇ ನರ್ಸಿಂಗ್ ಹೋಮಿನಲ್ಲಿದಾಳೆ. ಕಾರು ಬಾಡಿಗೆ, ಕೈಸಾಲ ಎಲ್ಲಾ ಅವಳೇ ತೀರಿಸಿದಳು. ನಾವು ಬೇಡ ಅಂದ್ರೂ ಕೇಳಲಿಲ್ಲ. 2025ರದ್ದು ಬರೆಯೋಕೆ ಆಗಲಿಲ್ಲ, ಅವ್ವನಿಗೆ ಆಪರೇಷನ್ ಆಗಿತ್ತು. ಈ ಸಲ ಬರೀತಾಳೆ. ಸೆಂಟ್ರಲ್ ಫಾರ್ಮ್ಯಾಟ್ ಪ್ರಮಾಣಪತ್ರ ಬಂದಿದೆ, ಹೆಸರು ಸರಿಹೋಗಿದೆ, ಮಾರ್ಕ್ಸ್ ಕಾರ್ಡುಗಳು ಪ್ಲಾಸ್ಟಿಕ್ ಫೈಲಿನಲ್ಲಿ ಅವರ ಅವ್ವನ ಟ್ರಂಕಿನಲ್ಲಿವೆ. ಬೀಗದ ಕೈ ಅವ್ವನ ಸೊಂಟದಲ್ಲಿದೆ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಬೇಡ್ಕರ್ ಭವನದಲ್ಲಿ ಕೂರ್ತಿದೀವಿ. ಎಂಬಿಬಿಎಸ್ ಕಡೇ ವರ್ಷದವರು, ಇಂಟರ್ನ್‌ಗಳು, ಮುಗಿಸಿ ಮನೇಲಿರೋರು, ಇರೋ ಕಾಗದ ಎಲ್ಲಾ ತಗೊಂಡು ಬನ್ನಿ. ಶಾಲು ಇಲ್ಲ, ಭಾಷಣ ಇಲ್ಲ. ಎರಡು ಲ್ಯಾಪ್‌ಟಾಪ್ ಇದೆ, ಒಂದು ಪ್ರಿಂಟರ್ ಬೇಕು, ಯಾರ ಹತ್ರ ಇದ್ರೆ ಹೇಳಿ.

ಡಾಕ್ಟ್ರೇ, ನೀವೂ ಬನ್ನಿ. ಚಾಯ್ಸ್ ಹೆಂಗೆ ಹಾಕೋದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹುಡುಗರಿಗೆ ಒಂದು ಗಂಟೆ ಹೇಳ್ಕೊಡಿ. ಬಿಪಿ ಮೆಷಿನ್ ತಂದ್ರೆ ನಂದೂ ಅಲ್ಲೇ ನೋಡಿಬಿಡಿ.